ಮೂತ್ರಪರೀಕ್ಷೆಯ ವರದಿ ಏನು ಹೇಳುತ್ತದೆ?



ಶರಣರು ಕಾಯವನ್ನು ಹಗುರವಾಗಿ ಕಂಡವರಲ್ಲ. ಇಷ್ಟಲಿಂಗವನ್ನು ಧರಿಸುವುದು ಈ ಅಂಗವೇ. ಕಾಯಕ ನಡೆಯುವುದೂ ದಾಸೋಹ ಸಲ್ಲುವುದೂ ಇದರ ಮೂಲಕವೇ. ಆದ್ದರಿಂದ ಕಾಯದ ಕಾಳಜಿಯೂ ನಮ್ಮ ಆಚರಣೆಯ ಒಂದು ಭಾಗವೆಂದು ತಿಳಿಯಬೇಕು. ನಾವೆಲ್ಲರೂ ಒಂದಲ್ಲ ಒಂದು ಬಾರಿ ಮಾಡಿಸಿಕೊಂಡಿದ್ದರೂ ಗಮನವಿಟ್ಟು ಓದದೆ ಮಡಿಚಿಡುವ ಒಂದು ಕಾಗದವುಂಟು. ಅದು ಮೂತ್ರಪರೀಕ್ಷೆಯ ವರದಿ. ಅದನ್ನು ಓದುವ ಬಗೆಯನ್ನು ಈ ಸಂಚಿಕೆಯಲ್ಲಿ ಅರಿಯೋಣ.

ಒಂದು ಸಂದರ್ಭವನ್ನು ಭಾವಿಸಿಕೊಳ್ಳಿ. ಹಲಸೂರಿನಲ್ಲಿ ನೆಲೆಸಿರುವ ಗೃಹಸ್ಥರೊಬ್ಬರಿಗೆ 52 ವರ್ಷ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಶಿವಾಜಿನಗರದ ಅಂಗಡಿಯಲ್ಲಿ ದಿನವಿಡೀ ನಿಂತು ವ್ಯಾಪಾರ ಮಾಡುವುದರಿಂದ ಮೊಣಕಾಲು ನೋವು. ಅದಕ್ಕೆ ಔಷಧದ ಅಂಗಡಿಯಲ್ಲಿ ಕೇಳಿ ತಂದ ನೋವಿನ ಗುಳಿಗೆ. ವರ್ಷದ ತಪಾಸಣೆಯಲ್ಲಿ ಸಕ್ಕರೆಯ ಅಂಕಿ ತಕ್ಕಮಟ್ಟಿಗೆ ಚೆನ್ನಾಗಿಯೇ ಬಂದಿತು. ಮೂತ್ರದ ವರದಿಯಲ್ಲಿ ಮಾತ್ರ ‘ಪ್ರೋಟೀನ್ 1+’ ಎಂದಿತ್ತು. ನೋವಿಲ್ಲ, ಉರಿಯಿಲ್ಲ, ಆದ್ದರಿಂದ ವರದಿ ಕಪಾಟು ಸೇರಿತು. ನಾಲ್ಕು ವರ್ಷಗಳ ತರುವಾಯ ಕಾಲು ಊದಿಕೊಂಡು, ಊಟ ಸೇರದೆ ಆಸ್ಪತ್ರೆಗೆ ಹೋದಾಗ ಮೂತ್ರಪಿಂಡಗಳ ಬಹುಭಾಗ ಕೆಟ್ಟಿರುವುದು ತಿಳಿಯುತ್ತದೆ. ಇದು ಯಾರೋ ಒಬ್ಬರ ಕಥೆಯಲ್ಲ. ಅನೇಕ ಮನೆಗಳಲ್ಲಿ ಹೀಗೆಯೇ ನಡೆಯುತ್ತದೆ. ಆ ‘1+’ ಎಂಬ ಚಿಕ್ಕ ಗುರುತನ್ನು ಅಂದೇ ಅರಿತಿದ್ದರೆ ಮುಂದಿನ ದಾರಿ ಬೇರೆಯಾಗುವ ಸಾಧ್ಯತೆಯಿತ್ತು.

ಮೂತ್ರಪಿಂಡಗಳ ಕಾಯಕ

ಬೆನ್ನಿನ ಕೆಳಭಾಗದಲ್ಲಿ, ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ, ಮುಷ್ಟಿಯಷ್ಟು ಗಾತ್ರದ ಎರಡು ಮೂತ್ರಪಿಂಡಗಳಿವೆ. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳು. ಇವೆರಡೂ ಸೇರಿ ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ದೇಹಕ್ಕೆ ಬೇಕಾದುದನ್ನೆಲ್ಲ ಮರಳಿಸಿ, ಒಂದೂವರೆ ಎರಡು ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಹಾಕುತ್ತವೆ. ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು, ಹೊಸ ರಕ್ತ ಹುಟ್ಟಲು ಪ್ರೇರಣೆ ನೀಡುವುದು, ಎಲುಬುಗಳಿಗೆ ಬೇಕಾದ ವಿಟಮಿನ್ ‘ಡಿ’ಯನ್ನು ಸಿದ್ಧಗೊಳಿಸುವುದು ಕೂಡ ಇವುಗಳದೇ ಕೆಲಸ.

ಶೋಧಕಗಳಲ್ಲಿ ಕೆಲವು ನಶಿಸಿದರೆ ಉಳಿದವು ಅವುಗಳ ಹೊರೆಯನ್ನೂ ಹೊತ್ತುಕೊಳ್ಳುತ್ತವೆ. ಇದು ದೇಹದ ಔದಾರ್ಯವೂ ಹೌದು, ಅಪಾಯವೂ ಹೌದು. ಅರ್ಧಕ್ಕಿಂತ ಹೆಚ್ಚು ಶಕ್ತಿ ಕುಂದುವವರೆಗೂ ರೋಗಿಗೆ ಏನೂ ತಿಳಿಯದೆ ಹೋಗಬಹುದು. ಮೂತ್ರವಾದರೋ ಬಹಳ ಮೊದಲೇ ಸುಳಿವು ಕೊಡುತ್ತದೆ. 1827ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟ್ ಅವರು, ಮೈ ಊದಿಕೊಂಡ ರೋಗಿಗಳ ಮೂತ್ರವನ್ನು ಚಮಚದಲ್ಲಿ ದೀಪದ ಮೇಲೆ ಕಾಯಿಸಿದಾಗ ಅದು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುವುದಕ್ಕೂ ಮೂತ್ರಪಿಂಡಗಳು ಕೆಟ್ಟಿರುವುದಕ್ಕೂ ಸಂಬಂಧವಿದೆಯೆಂದು ತೋರಿಸಿದರು. ಇಂದು ಬಣ್ಣ ಬದಲಿಸುವ ಪಟ್ಟಿಯೊಂದು ಅದೇ ಸಂಗತಿಯನ್ನು ಒಂದೆರಡು ನಿಮಿಷಗಳಲ್ಲಿ ತಿಳಿಸುತ್ತದೆ.

ಮಾದರಿಯನ್ನು ಕೊಡುವ ಕ್ರಮ

ತಪ್ಪಾಗಿ ಕೊಟ್ಟ ಮಾದರಿಯಿಂದ ತಪ್ಪು ವರದಿ ಬರುವುದು ಸಹಜ. ಬೆಳಗಿನ ಮೊದಲ ಮೂತ್ರವೇ ಲೇಸು. ಶುಚಿಗೊಳಿಸಿಕೊಂಡ ತರುವಾಯ ಮೊದಲ ಧಾರೆಯನ್ನು ಬಿಟ್ಟು, ನಡುವಿನ ಧಾರೆಯನ್ನು ಪ್ರಯೋಗಾಲಯದವರು ಕೊಟ್ಟ ಡಬ್ಬಿಯಲ್ಲಿಯೇ ಹಿಡಿಯಬೇಕು. ಮನೆಯಲ್ಲಿನ ಔಷಧದ ಸೀಸೆಯನ್ನು ತೊಳೆದು ಬಳಸಬಾರದು. ಒಂದೆರಡು ಗಂಟೆಗಳೊಳಗೆ ಮಾದರಿಯನ್ನು ತಲುಪಿಸಬೇಕು, ಕೆ.ಆರ್. ಪುರದ ವಾಹನದಟ್ಟಣೆಯಲ್ಲಿ ಸಿಲುಕುವ ಸಂಭವವಿದ್ದರೆ ಪ್ರಯೋಗಾಲಯಕ್ಕೆ ಹೋಗಿ ಅಲ್ಲಿಯೇ ಕೊಡುವುದು ಉತ್ತಮ. ತಾಯಂದಿರು ಮುಟ್ಟಿನ ದಿನಗಳಲ್ಲಿ ಈ ಪರೀಕ್ಷೆಯನ್ನು ಮುಂದೂಡಬೇಕು. ಅನಿವಾರ್ಯವಾದರೆ ಆ ವಿಷಯವನ್ನು ಮೊದಲೇ ತಿಳಿಸಬೇಕು.

ವರದಿಯ ಸಾಲುಗಳ ಅರ್ಥ

*ಬಣ್ಣ ಮತ್ತು ಸಾಂದ್ರತೆ.* ತಿಳಿ ಹಳದಿ ಬಣ್ಣ ಸಹಜ. ಗಾಢ ಹಳದಿಯಾಗಿದ್ದು ಸಾಂದ್ರತೆ 1.030ರ ಸಮೀಪವಿದ್ದರೆ ನೀರು ಸಾಲದೆಂದು ಅರ್ಥ. ಬೀಟ್‌ರೂಟ್ ತಿಂದಾಗ ಕೆಂಪು ಛಾಯೆ, ಕ್ಷಯರೋಗದ ರಿಫಾಂಪಿಸಿನ್ ಗುಳಿಗೆಯಿಂದ ಕಿತ್ತಳೆ ಬಣ್ಣ ಬರಬಹುದು, ಇವು ರೋಗಗಳಲ್ಲ.

*ಪ್ರೋಟೀನ್.* ಇಡೀ ವರದಿಯಲ್ಲಿ ಹೆಚ್ಚು ಗಮನ ಬೇಡುವ ಸಾಲು ಇದು. ಆರೋಗ್ಯವಂತ ಶೋಧಕಗಳು ಪ್ರೋಟೀನನ್ನು ಹೊರಬಿಡುವುದಿಲ್ಲ. 1+ ಎಂದರೆ 100 ಮಿಲಿಲೀಟರ್ ಮೂತ್ರದಲ್ಲಿ ಸುಮಾರು 30 ಮಿಲಿಗ್ರಾಂ, 2+ ಎಂದರೆ ಸುಮಾರು 100, 3+ ಎಂದರೆ ಸುಮಾರು 300 ಮಿಲಿಗ್ರಾಂ. ಜ್ವರ ಬಂದಾಗ, ಮೈಮುರಿದು ಶ್ರಮಿಸಿದಾಗ, ಮೂತ್ರದ ಸೋಂಕು ಇದ್ದಾಗ ಇದು ತಾತ್ಕಾಲಿಕವಾಗಿ ಕಾಣಿಸಿಕೊಂಡು ಮಾಯವಾಗಬಹುದು. ಆದ್ದರಿಂದ ಒಂದೇ ವರದಿಯಿಂದ ಗಾಬರಿಪಡಬಾರದು. ಹಾಗೆಯೇ ಅದನ್ನು ಕಡೆಗಣಿಸಲೂ ಬಾರದು. ಮುಂದಿನ ಹೆಜ್ಜೆಯೆಂದರೆ ‘ಎ.ಸಿ.ಆರ್.’ ಎಂಬ ಪರೀಕ್ಷೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಎಷ್ಟು ಮಿಲಿಗ್ರಾಂ ಅಲ್ಬುಮಿನ್ ಸೋರುತ್ತಿದೆ ಎಂಬುದನ್ನು ಇದು ತಿಳಿಸುತ್ತದೆ. 30ಕ್ಕಿಂತ ಕಡಿಮೆಯಿದ್ದರೆ ಸಹಜ. 30ರಿಂದ 300 ಎಚ್ಚರಿಕೆಯ ಹಂತ. 300ನ್ನು ಮೀರಿದರೆ ತೀವ್ರ ಸೋರಿಕೆ. ಮೂರು ತಿಂಗಳ ನಂತರವೂ ಸೋರಿಕೆ ಮುಂದುವರಿದಿದ್ದರೆ ಅದನ್ನು ದೀರ್ಘಕಾಲದ ಮೂತ್ರಪಿಂಡ ರೋಗವೆಂದು ವೈದ್ಯರು ಪರಿಗಣಿಸುತ್ತಾರೆ. ಮೂತ್ರದಲ್ಲಿ ಬೇಗ ಆರದ ನೊರೆ ದಿನವೂ ಕಾಣುತ್ತಿದ್ದರೆ ಈ ಪರೀಕ್ಷೆಯನ್ನು ಮಾಡಿಸಿಕೊಳ್ಳತಕ್ಕದ್ದು.

ಗರ್ಭಿಣಿಯರ ವಿಷಯ ಬೇರೆ. ಐದು ತಿಂಗಳು ತುಂಬಿದ ಮೇಲೆ ರಕ್ತದೊತ್ತಡ ಏರಿ, ಮೂತ್ರದಲ್ಲಿ ಪ್ರೋಟೀನ್ ಕಂಡರೆ ಅದು ತಾಯಿ ಮಗು ಇಬ್ಬರಿಗೂ ಅಪಾಯ. ಮರುದಿನಕ್ಕೆ ಕಾಯದೆ ಅಂದೇ ಹೆರಿಗೆ ಆಸ್ಪತ್ರೆಗೆ ಹೋಗಬೇಕು.

*ಸಕ್ಕರೆ.* ರಕ್ತದ ಸಕ್ಕರೆ ಸುಮಾರು 180ನ್ನು ದಾಟಿದಾಗ ಅದು ಮೂತ್ರದಲ್ಲಿ ಇಳಿಯತೊಡಗುತ್ತದೆ. ಆದರೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮುಂತಾದ ಗುಳಿಗೆಗಳು ಸಕ್ಕರೆಯನ್ನು ಮೂತ್ರದ ಮೂಲಕವೇ ಹೊರಹಾಕುವಂಥವು. ಅವನ್ನು ಸೇವಿಸುವವರ ವರದಿಯಲ್ಲಿ ಸಕ್ಕರೆ 3+ ಎಂದಿದ್ದರೂ ಅದು ಔಷಧದ ಪರಿಣಾಮ. ಅದಕ್ಕೆ ಹೆದರಿ ಗುಳಿಗೆ ನಿಲ್ಲಿಸಬಾರದು.

*ಕೀಟೋನ್.* ಮಹಾಶಿವರಾತ್ರಿಯ ಉಪವಾಸದ ಮರುದಿನ ಪರೀಕ್ಷಿಸಿದರೆ ಆರೋಗ್ಯವಂತರಲ್ಲಿಯೂ ಕೀಟೋನ್ ಕಾಣಬಹುದು. ಆಹಾರವಿಲ್ಲದಾಗ ದೇಹವು ಕೊಬ್ಬನ್ನು ಕರಗಿಸುವುದರಿಂದ ಹೀಗಾಗುತ್ತದೆ. ಆದರೆ ಸಕ್ಕರೆ ಕಾಯಿಲೆಯವರಿಗೆ ವಾಂತಿ, ಹೊಟ್ಟೆನೋವು, ಏದುಸಿರಿನೊಡನೆ ಕೀಟೋನ್ ಕಂಡರೆ ಅದು ತುರ್ತುಸ್ಥಿತಿ. ಮೇಲೆ ಹೇಳಿದ ಗುಳಿಗೆ ಸೇವಿಸುವವರು ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು.

*ರಕ್ತ ಮತ್ತು ಕೆಂಪುಕಣ.* ಸೂಕ್ಷ್ಮದರ್ಶಕದಲ್ಲಿ ಎರಡು ಮೂರು ಕಣಗಳು ಕಾಣುವುದು ಸಹಜ. ಹೆಚ್ಚಾದರೆ ಕಲ್ಲು, ಸೋಂಕು, ಶೋಧಕಗಳ ಉರಿಯೂತ ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ನೋವಿಲ್ಲದೆ ಕಣ್ಣಿಗೆ ಕಾಣುವಂತೆ ರಕ್ತ ಹೋದರೆ, ಅದು ಒಂದೇ ಬಾರಿ ಹೋಗಿ ನಿಂತಿದ್ದರೂ, ತಪ್ಪದೆ ವೈದ್ಯರನ್ನು ಕಾಣಬೇಕು. ಬೀಡಿ, ಸಿಗರೇಟು ಸೇದಿದವರಲ್ಲಿ ಇದು ಮೂತ್ರಕೋಶದ ಕ್ಯಾನ್ಸರಿನ ಮೊದಲ ಗುರುತಾಗಿರಬಹುದು.

*ಕೀವುಕಣ ಮತ್ತು ನೈಟ್ರೈಟ್.* ಕೀವುಕಣ 5ರವರೆಗೆ ಸಾಮಾನ್ಯ. ಉರಿ, ಪದೇ ಪದೇ ಮೂತ್ರ, ಜ್ವರ ಇವುಗಳೊಡನೆ ಕೀವುಕಣ ಹೆಚ್ಚಿದ್ದು ನೈಟ್ರೈಟ್ ಕೂಡ ಕಂಡರೆ ಸೋಂಕಿನ ಸಂಭವ ಹೆಚ್ಚು. ಮಾದರಿ ಶುಚಿಯಾಗಿರದಿದ್ದರೂ ಕೀವುಕಣ ಏರಬಹುದು. ಹಿಂದೆ ಉಳಿದ ಆ್ಯಂಟಿಬಯೋಟಿಕ್ ಗುಳಿಗೆಯನ್ನು ತಾವೇ ನುಂಗುವುದು ತಪ್ಪು. ವೈದ್ಯರು ಸೂಚಿಸಿದರೆ ಕಲ್ಚರ್ ಪರೀಕ್ಷೆ ಮಾಡಿಸಿ, ಯಾವ ಔಷಧ ನಾಟುತ್ತದೆಂದು ತಿಳಿದು ಸೇವಿಸಬೇಕು.

ಈ ಸಂದರ್ಭದಲ್ಲಿ ನಮ್ಮ ಭಾಗದ ಸೋದರಿಯರಿಗೆ ಒಂದು ಮಾತು. ಮಾರುಕಟ್ಟೆಯಲ್ಲಿ, ಗಾರ್ಮೆಂಟ್ಸ್ ಕೆಲಸದಲ್ಲಿ, ಬಸ್ಸಿನ ದೂರ ಪ್ರಯಾಣದಲ್ಲಿ ಶೌಚಾಲಯ ಸಿಗಲಾರದೆಂದು ಬೆಳಗಿನಿಂದ ನೀರನ್ನೇ ಕುಡಿಯದವರು ಬಹುಮಂದಿ. ಅವರ ಕಷ್ಟ ನಿಜವಾದುದೇ. ಆದರೆ ಸೋಂಕಿಗೂ ಕಲ್ಲಿಗೂ ಇದು ನೇರ ದಾರಿ. ಅಂಗಡಿ, ಕಾರ್ಖಾನೆಗಳನ್ನು ನಡೆಸುವ ಭಕ್ತರು ತಮ್ಮಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಶುಚಿಯಾದ ಶೌಚಾಲಯವನ್ನು ಒದಗಿಸಿದರೆ ಅದೂ ದಾಸೋಹವೇ.

ರಕ್ತದ ಒಂದು ಪರೀಕ್ಷೆಯೂ ಬೇಕು

ಮೂತ್ರದ ವರದಿಯೊಡನೆ ರಕ್ತದ ಕ್ರಿಯಾಟಿನಿನ್ನನ್ನೂ ನೋಡಬೇಕು. ಆದರೆ ‘ಕ್ರಿಯಾಟಿನಿನ್ ನಾರ್ಮಲ್’ ಎಂಬ ಮಾತಿಗೆ ಸಮಾಧಾನಪಡುವಂತಿಲ್ಲ. ಮಾಂಸಖಂಡ ಕಡಿಮೆಯಿರುವ ವೃದ್ಧರಲ್ಲಿ, ಕೃಶಾಂಗಿಯರಲ್ಲಿ ಮೂತ್ರಪಿಂಡ ಕುಂದಿದ್ದರೂ ಆ ಅಂಕಿ ಸಹಜವಾಗಿಯೇ ಕಾಣಬಹುದು. ವಯಸ್ಸು, ಲಿಂಗಭೇದಗಳನ್ನು ಸೇರಿಸಿ ಲೆಕ್ಕಹಾಕುವ ‘ಇ.ಜಿ.ಎಫ್.ಆರ್.’ ಅಂಕಿಯನ್ನು ಕೇಳಿ ಪಡೆಯಿರಿ. 90ಕ್ಕಿಂತ ಮೇಲಿದ್ದರೆ ಒಳ್ಳೆಯದು. ಮೂರು ತಿಂಗಳು ಮೀರಿಯೂ 60ಕ್ಕಿಂತ ಕಡಿಮೆಯಿದ್ದರೆ ರೋಗದ ಲಕ್ಷಣ. 15ಕ್ಕಿಂತ ಕೆಳಗಿಳಿದರೆ ಮೂತ್ರಪಿಂಡಗಳು ಸೋತಂತೆ. ಆ ಹಂತದಲ್ಲಿ ಡಯಾಲಿಸಿಸ್ ಅಥವಾ ಕಸಿಯ ಮಾತು ಬರುತ್ತದೆ. ವಾರಕ್ಕೆ ಎರಡು ಮೂರು ಬಾರಿ, ಪ್ರತಿಬಾರಿ ಸುಮಾರು ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗಬೇಕಾದ ವ್ಯಕ್ತಿಯ ಕಾಯಕ ಏನಾಗುವುದು, ಮನೆಯ ಗತಿ ಏನಾಗುವುದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಕಾಪಾಡಿಕೊಳ್ಳುವ ಬಗೆ

ಸೋರಿಕೆಯನ್ನು ಬೇಗ ಗುರುತಿಸಿದರೆ ರೋಗದ ವೇಗವನ್ನು ತಗ್ಗಿಸಬಹುದು. ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ವರ್ಗದ ರಕ್ತದೊತ್ತಡದ ಔಷಧಗಳೂ ಮೇಲೆ ಹೇಳಿದ ಡಾಪಾಗ್ಲಿಫ್ಲೋಜಿನ್ ವರ್ಗದ ಗುಳಿಗೆಗಳೂ ಮೂತ್ರಪಿಂಡಗಳಿಗೆ ರಕ್ಷಣೆ ನೀಡುತ್ತವೆ. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಉಳಿದುದು ನಮ್ಮ ಕೈಯಲ್ಲಿದೆ.

ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವರ್ಷಕ್ಕೊಮ್ಮೆ ಎ.ಸಿ.ಆರ್. ಮತ್ತು ಕ್ರಿಯಾಟಿನಿನ್ ಪರೀಕ್ಷೆಗಳನ್ನು ಮಾಡಿಸಲಿ. ರಕ್ತದೊತ್ತಡ ಸಾಮಾನ್ಯವಾಗಿ 130/80ರೊಳಗಿರಲಿ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚವನ್ನು ಮೀರದಿರಲಿ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದ ನೋವಿನ ಗುಳಿಗೆಗಳನ್ನು ವೈದ್ಯರ ಚೀಟಿಯಿಲ್ಲದೆ ದಿನಗಟ್ಟಲೆ ನುಂಗಬಾರದು. ಏನು ಬೆರೆಸಿದ್ದಾರೆಂದು ತಿಳಿಯದ ಭಸ್ಮ, ಪುಡಿಗಳಲ್ಲಿ ಸೀಸ, ಪಾದರಸಗಳಿರುವ ಸಂಭವವುಂಟು, ಅವುಗಳಿಂದ ದೂರವಿರಿ.

ಆರೋಗ್ಯವಂತರಿಗೆ ಹಿತವಾದ ಎಳನೀರು, ಬಾಳೆಹಣ್ಣುಗಳು ಮೂತ್ರಪಿಂಡ ಕುಂದಿದವರಿಗೆ ತೊಂದರೆ ತರಬಹುದು. ಅವುಗಳಲ್ಲಿನ ಪೊಟ್ಯಾಷಿಯಂ ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪೀತು. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿಯೂ ಪೊಟ್ಯಾಷಿಯಂ ಇರುತ್ತದೆ. ಕಮರಾಕ್ಷಿ ಅಥವಾ ಧಾರೆಹುಳಿಯಂತೂ ಅವರಿಗೆ ವಿಷಸಮಾನ. ಆದ್ದರಿಂದ ಒಬ್ಬರಿಗೆ ಒಗ್ಗಿದ ಪಥ್ಯವನ್ನು ಮತ್ತೊಬ್ಬರಿಗೆ ಹೇಳಬಾರದು.

ಎಲ್ಲಿಗೆ ಹೋಗಬೇಕು?

ದಂಡುಪ್ರದೇಶದವರಿಗೆ ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ, ಇಂದಿರಾನಗರದ ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ, ಪೂರ್ವದವರಿಗೆ ಕೆ.ಆರ್. ಪುರದ ಸಾರ್ವಜನಿಕ ಆಸ್ಪತ್ರೆ ಹತ್ತಿರ. ಗರ್ಭಿಣಿಯರಿಗೆ ಶಿವಾಜಿನಗರದಲ್ಲಿ ಘೋಷಾ ಆಸ್ಪತ್ರೆಯಿದೆ. ಮೂತ್ರಪಿಂಡ ತಜ್ಞರನ್ನೇ ಕಾಣಬೇಕಾದರೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ನೆಫ್ರೊ-ಯುರಾಲಜಿ ಸಂಸ್ಥೆ ಸರ್ಕಾರದ್ದು. ಮೆಟ್ರೊದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್ ತಲುಪಿ, ಅಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಕೃಷ್ಣರಾಜೇಂದ್ರ ಮಾರುಕಟ್ಟೆಯ ನಿಲ್ದಾಣದಲ್ಲಿ ಇಳಿಯಬಹುದು. ಹೋಗುವಾಗ ಹಳೆಯ ವರದಿಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡು, ಸೇವಿಸುತ್ತಿರುವ ಎಲ್ಲ ಔಷಧಗಳನ್ನೂ, ಪಡಿತರ ಚೀಟಿ ಮತ್ತು ಆಧಾರ್ ಕಾರ್ಡುಗಳನ್ನೂ ಒಯ್ಯಿರಿ. ಒಂದು ವರದಿಗಿಂತ ನಾಲ್ಕು ವರ್ಷಗಳ ವರದಿಗಳು ವೈದ್ಯರಿಗೆ ಹೆಚ್ಚಿನದನ್ನು ತಿಳಿಸುತ್ತವೆ.

ಆರಂಭದಲ್ಲಿ ಹೇಳಿದ ಗೃಹಸ್ಥರ ಕಡೆಗೆ ಮತ್ತೊಮ್ಮೆ ತಿರುಗೋಣ. ಅಂದು ಅವರು ಮಾಡಬೇಕಾಗಿದ್ದುದು ಬಹಳವೇನೂ ಅಲ್ಲ. ಆ ವರದಿಯನ್ನು ವೈದ್ಯರಿಗೆ ತೋರಿಸಿ, ಎ.ಸಿ.ಆರ್. ಮಾಡಿಸಿ, ನೋವಿನ ಗುಳಿಗೆಯನ್ನು ಬಿಟ್ಟು, ಮೂರು ತಿಂಗಳಿಗೆ ಮತ್ತೆ ಪರೀಕ್ಷಿಸಿಕೊಂಡಿದ್ದರೆ ಸಾಕಾಗಿತ್ತು. ಇಂದು ಪೂಜೆ ಮುಗಿಸಿದ ಮೇಲೆ ತಮ್ಮ ಮನೆಯ ಕಪಾಟನ್ನೊಮ್ಮೆ ತೆರೆಯಿರಿ. ಮಡಿಚಿಟ್ಟ ಮೂತ್ರಪರೀಕ್ಷೆಯ ವರದಿಯಿದ್ದರೆ ಪ್ರೋಟೀನ್ ಎಂಬ ಸಾಲನ್ನು ಓದಿರಿ. ಅಲ್ಲಿ ‘ನಿಲ್’ ಎಂಬುದರ ಬದಲು ಬೇರೇನಾದರೂ ಬರೆದಿದ್ದರೆ ಈ ವಾರವೇ ವೈದ್ಯರನ್ನು ಕಾಣಿರಿ.