ಒಂಟಿಯಾಗಿ ಉಳಿಯುವ ನಾಯಿಗೆ ಒಂದು ಪಾಠ

ಮನೆಯವರು ಬೀಗ ಹಾಕಿ ಕೆಲಸಕ್ಕೆ ಹೊರಟರೆಂದರೆ ಕೆಲವು ನಾಯಿಗಳು ಊಳಿಡತೊಡಗುತ್ತವೆ; ಬಾಗಿಲನ್ನು ಕೆರೆಯುತ್ತವೆ; ಆಗತಾನೆ ತಿರುಗಾಡಿ ಬಂದಿದ್ದರೂ ಒಳಗೇ ಗಲೀಜು ಮಾಡುತ್ತವೆ. ಗೋಡೆಗೆ ಗೋಡೆ ತಾಗಿದ ಮುಂಬಯಿಯ ಬಿಡಾರಗಳಲ್ಲಿ ನೆರೆಯವರ ದೂರು ಬರಲು ತಡವಾಗದು. 2020ರ ಲಾಕ್‌ಡೌನ್ ಕಾಲದಲ್ಲಿ ದಿನವಿಡೀ ಮನೆಮಂದಿಯ ನಡುವೆಯೇ ಬೆಳೆದ ಎಷ್ಟೋ ಮರಿಗಳಿಗೆ ಒಂಟಿಯಾಗಿರುವ ಅಭ್ಯಾಸವೇ ಆಗಲಿಲ್ಲ.

ಇದು ತಂಟೆಯಲ್ಲ, ಭಯವೆಂಬುದನ್ನು ನಾವು ಮೊದಲು ಅರಿಯಬೇಕು. ಮರಳಿ ಬಂದು ಹೊಡೆದರೆ ನಾಯಿಗೆ ತಪ್ಪು ತಿಳಿಯದು. ನಮ್ಮ ಬರವಿಗೂ ಅದು ಅಂಜತೊಡಗುತ್ತದೆ, ಅಷ್ಟೆ.

ಹಾಗಾದರೆ ಮಾಡತಕ್ಕದ್ದೇನು? ಮಗುವಿಗೆ ಅಕ್ಷರ ಕಲಿಸುವಂತೆ ಅಗಲಿಕೆಯನ್ನೂ ತುಸುತುಸುವಾಗಿ ಕಲಿಸಬೇಕು. ಬೀಗದ ಕೈ ಹಿಡಿದು, ಚಪ್ಪಲಿ ಮೆಟ್ಟಿ, ಹೊರಗೆ ಹೋಗದೆ ಕುಳಿತುಬಿಡಿರಿ. ಅದಕ್ಕೆ ನಾಯಿ ಬೆದರದಂತಾದ ಮೇಲೆ ಬಾಗಿಲಾಚೆ 5 ಸೆಕೆಂಡು ನಿಂತು, ಅದು ಅಳುವ ಮೊದಲೇ ಒಳಗೆ ಬನ್ನಿರಿ. ಅನಂತರ ಅರ್ಧ ನಿಮಿಷ, 2 ನಿಮಿಷ, 10 ನಿಮಿಷ. ಕಳವಳ ಕಂಡರೆ ಹಿಂದಿನ ಪಾಠಕ್ಕೆ ಮರಳಬೇಕು. ಮೊದಲ ಅರ್ಧ ಗಂಟೆಯೇ ಕಠಿಣ. ಅದನ್ನು ದಾಟಿದರೆ ಮುಂದಿನದು ಸಾಮಾನ್ಯವಾಗಿ ಬೇಗ ಸಾಗುತ್ತದೆ. ಕಲಿಕೆ ಮುಗಿಯುವ ತನಕ ನೆರೆಯವರೋ ನೆಂಟರೋ ಜೊತೆಗಿರಲಿ. ಒಂದು ದಿನದ ಭಯ ವಾರದ ಪಾಠವನ್ನು ಅಳಿಸಬಲ್ಲದು.

ಇಷ್ಟಾದರೂ ನಾಯಿ ನಡುಗುತ್ತ, ಉಗುರಿನಲ್ಲಿ ರಕ್ತ ಬರುವಷ್ಟು ಕೆರೆದರೆ ಪಶುವೈದ್ಯರನ್ನು ಕಾಣಬೇಕು; ಇದಕ್ಕೆ ಔಷಧವೂ ಉಂಟು.

ಬೇಸತ್ತು ನಾಯಿಯನ್ನು ಬೀದಿಗೆ ಬಿಡುವವರೂ ಇದ್ದಾರೆ. ಹೋದವರು ಮರಳಿ ಬರುವರೆಂಬ ನಂಬಿಕೆಯೊಂದೇ ಅದಕ್ಕೆ ಬೇಕಾದುದು. ಅದನ್ನು ಕಲಿಸುವ ಹೊಣೆ ಸಾಕಿದ ನಮ್ಮದಲ್ಲವೆ?