ಹಿಮದ ಮೇಲಣ ನಡಿಗೆ

ಪ್ರಿಯ ಹಳೆಯ ವಿದ್ಯಾರ್ಥಿಗಳೇ, ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ನಿಮಗೆ ಇನ್ನೊಂದು ಪಾಠ ಹೇಳಬಯಸುತ್ತೇನೆ.

ನಾರ್ವೆ, ಸ್ವೀಡನ್ ದೇಶಗಳಲ್ಲಿ ಚಳಿಗಾಲ ಬಂತೆಂದರೆ ಜನರು ಪಾದಗಳಿಗೆ ನೀಳವಾದ ಸ್ಕೀ ಪಟ್ಟಿಗಳನ್ನು ಬಿಗಿದುಕೊಂಡು ಬಯಲು, ಕಾಡುಗಳ ಹಿಮದ ಮೇಲೆ ಸಾಗುತ್ತಾರೆ. ಇದೇ ಕ್ರಾಸ್‌ಕಂಟ್ರಿ ಸ್ಕೀಯಿಂಗ್. ಬೂಟಿನ ಮುಂತುದಿ ಮಾತ್ರ ಪಟ್ಟಿಗೆ ಸಿಕ್ಕಿದ್ದು ಹಿಮ್ಮಡಿ ಬಿಡುವಾಗಿರುವುದರಿಂದ ನಡೆದಂತೆಯೇ ಹೆಜ್ಜೆಯಿಡಬಹುದು.

ಕಲಿಯುವವರು ಮೊದಲು ಸಮತಟ್ಟಾದ ಹಿಮದಲ್ಲಿ ಊರುಗೋಲಿಲ್ಲದೆ ಅಭ್ಯಾಸ ಮಾಡಬೇಕು. ಮೊಣಕಾಲನ್ನು ತುಸು ಬಾಗಿಸಿ, ಮೈಭಾರವನ್ನೆಲ್ಲ ಒಂದು ಕಾಲಿನ ಮೇಲಿರಿಸಿ ಜಾರಬೇಕು. ಅನಂತರ ಇನ್ನೊಂದರ ಮೇಲೆ. ಭಾರವು ಎರಡಕ್ಕೂ ಹಂಚಿಹೋದರೆ ಕಾಲೆಳೆದಂತಾಗುತ್ತದೆ. ಬೀಳುವಾಗ ಪಕ್ಕಕ್ಕೆ ಬೀಳಬೇಕು, ಬೀಳದೆ ಕಲಿತವರಿಲ್ಲ. ಲಯ ಕೈಗೂಡಿದ ಮೇಲೆ ನಿಶ್ಶಬ್ದವಾದ ಕಾಡಿನಲ್ಲಿ ತನ್ನ ಉಸಿರನ್ನೇ ಆಲಿಸುತ್ತ ಸಾಗುವುದು ಪರಮಾನಂದ.

ಸ್ವೀಡನ್ನಿನ 90 ಕಿಲೋಮೀಟರಿನ ವಾಸಾಲೋಪೆಟ್ ಸ್ಪರ್ಧೆ 1922ರಲ್ಲಿ ಆರಂಭವಾಯಿತು. 1924ರಲ್ಲಿ ಮಾರ್ಗಿಟ್ ನೂರ್ಡಿನ್ ಎಂಬ ಮಹಿಳೆ ಅದನ್ನು ಪೂರೈಸಿದರು. ಆದರೂ ಆ ಬಳಿಕ ಸ್ತ್ರೀಯರಿಗೆ ಪ್ರವೇಶ ನಿಷೇಧವಾಯಿತು. ಅದು ತೆರವಾದದ್ದು 1981ರಲ್ಲಿ. ಹಿಮವೇ ಬೀಳದ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಈ ಕ್ರೀಡೆಯಲ್ಲಿ ಭಾರತವನ್ನು ಪ್ರತಿನಿಧಿಸಿದ್ದಾರೆ.

ಆಟದ ಅವಧಿಯಲ್ಲಿ ಹೆಣ್ಣುಮಕ್ಕಳನ್ನು ತರಗತಿಯಲ್ಲೇ ಕುಳ್ಳಿರಿಸುತ್ತಿದ್ದ ನನಗೆ ಇದು ತಡವಾಗಿ ತಿಳಿದ ಪಾಠ. ನಿಮ್ಮ ಮಕ್ಕಳಿಗೆ ತಡವಾಗದಿರಲಿ.