ನಾಗದ್ವಾರಿಯ ಕಾಲ್ನಡಿಗೆ ಯಾತ್ರೆ

ನಾಗರ ಪಂಚಮಿ ಕನ್ನಡ ನಾಡಿನ ಮನೆಮನೆಗೂ ಪರಿಚಿತವಾದ ಹಬ್ಬ. ಇದೇ ಹಬ್ಬದ ನಿಮಿತ್ತ ನಾಗಪುರವೂ ಸೇರಿದಂತೆ ವಿದರ್ಭದ ಸಾವಿರಾರು ಭಕ್ತರು ಪ್ರತಿವರ್ಷ ಉತ್ತರದ ಸಾತ್ಪುಡಾ ಪರ್ವತಶ್ರೇಣಿಗೆ ತೆರಳುತ್ತಾರೆ. ಮಧ್ಯಪ್ರದೇಶದ ಪಚ್‌ಮಢಿಯ ಬಳಿಯಿರುವ ನಾಗದ್ವಾರಿ ಗುಹೆಯೇ ಅವರ ಗುರಿ.

ಈ ಶ್ರೇಣಿಯ ಅತ್ಯುನ್ನತ ಶಿಖರವಾದ ಧೂಪಗಢವು ಸುಮಾರು 1,350 ಮೀಟರ್ ಎತ್ತರವಿದ್ದು, ಇದೇ ಪ್ರದೇಶದಲ್ಲಿದೆ. ಯಾತ್ರೆಯ ಹಾದಿಯಲ್ಲಿ ಕಾಜರಿ ಎಂಬ ಗ್ರಾಮವಿದೆ. ಸಂತಾನಕ್ಕಾಗಿ ನಾಗದೇವತೆಯ ಕಣ್ಣಿಗೆ ಕಾಡಿಗೆ ಹಚ್ಚುವ ಹರಕೆ ಹೊತ್ತ ಸ್ತ್ರೀಯೊಬ್ಬಳ ಹೆಸರೇ ಆ ಊರಿಗೆ ನಿಂತಿತೆಂದು ಐತಿಹ್ಯವು ಹೇಳುತ್ತದೆ.

ಈ ಅರಣ್ಯವು ಸಾತ್ಪುಡಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ಪಚ್‌ಮಢಿ ಜೀವಗೋಲವನ್ನು ಯುನೆಸ್ಕೋ ಸಂಸ್ಥೆಯು 2009ರಲ್ಲಿ ತನ್ನ ಜಾಗತಿಕ ಜಾಲಕ್ಕೆ ಸೇರಿಸಿಕೊಂಡಿತು. ಆದುದರಿಂದ ನಾಗದ್ವಾರಿಯ ದಾರಿಯು ವರ್ಷದಲ್ಲಿ ಪಂಚಮಿಯ ಆಸುಪಾಸಿನ ಕೆಲವೇ ದಿನಗಳು ಮಾತ್ರ ಯಾತ್ರಿಕರಿಗೆ ತೆರೆದಿರುತ್ತದೆ.

ಆ ದಿನಗಳು ಮಳೆಗಾಲದ ನಡುವೆ ಬರುತ್ತವೆ. ಬಂಡೆಗಳು ಜಾರುತ್ತವೆ, ಮಂಜು ದಾರಿಯನ್ನು ಮರೆಮಾಡುತ್ತದೆ, ಮೊಣಕಾಲುದ್ದದ ಹಳ್ಳವು ಅಲ್ಪ ಕಾಲದಲ್ಲಿಯೇ ಉಕ್ಕಿ ಹರಿಯಬಹುದು. ಇಂತಹ ಸ್ಥಳದಲ್ಲಿ ಮಾರ್ಗದರ್ಶಿಯ ಮುಖ್ಯ ಕಾರ್ಯವು ದಾರಿ ತೋರಿಸುವುದಷ್ಟೇ ಅಲ್ಲ. ಎಲ್ಲಿ ನಿಲ್ಲಬೇಕೆಂದು ಹೇಳುವುದೂ ಆಗಿದೆ. ಆದುದರಿಂದ ಯಾತ್ರಿಕರು ಈ ನಿಯಮಗಳನ್ನು ಪಾಲಿಸುವುದು ಅವಶ್ಯ:

1. ದಾರಿ ಬಲ್ಲವರೊಡನೆ ಗುಂಪಾಗಿ ನಡೆಯಬೇಕು. ಅನುಭವಿಯೊಬ್ಬರು ಮುಂದೆ, ಮತ್ತೊಬ್ಬರು ಕಟ್ಟಕಡೆಗೆ ಇರಬೇಕು.

2. ಪ್ರತಿ ತಂಗುದಾಣದಲ್ಲಿಯೂ ತಲೆಯೆಣಿಕೆ ಮಾಡಬೇಕು.

3. ಹಳ್ಳವು ತುಂಬಿ ಹರಿಯುತ್ತಿದ್ದರೆ ದಾಟದೆ, ನೀರು ಇಳಿಯುವವರೆಗೆ ಕಾಯಬೇಕು.

4. ಕತ್ತಲಾದ ಮೇಲೆ ನಡೆಯಬಾರದು, ಒಳದಾರಿ ಹಿಡಿಯಬಾರದು.

5. ಪ್ಲಾಸ್ಟಿಕ್ ಮೊದಲಾದ ಕಸವನ್ನು ಅರಣ್ಯದಲ್ಲಿ ಬಿಡದೆ ಹಿಂದಕ್ಕೆ ತರಬೇಕು.

ದರ್ಶನವು ಒಂದು ದಿನ ತಡವಾದರೆ ನಷ್ಟವಿಲ್ಲ. ಹೊರಟವರೆಲ್ಲರೂ ಕ್ಷೇಮವಾಗಿ ಮನೆಗೆ ಮರಳಿದಾಗಲೇ ಯಾತ್ರೆಯು ಪೂರ್ಣವಾಗುತ್ತದೆ.